ಮೊಸಳೆ ಕಣ್ಣೀರು ಬಿಡಿ, ಕರೆಂಟಿನ ಲೆಕ್ಕ ಕೊಡಿ

ಬರ ಬಿದ್ದ ವರ್ಷ ಹೊಲದಲ್ಲಿ ಏನೂ ಬೆಳೆಯದಿದ್ದರೂ ರಾಜಕೀಯದ ಕಣದಲ್ಲಿ ಒಂದು ಮಾತು ಮಾತ್ರ ಹುಲುಸಾಗಿ ಬೆಳೆಯುತ್ತದೆ. ಅದು ‘ಮೊಸಳೆ ಕಣ್ಣೀರು’. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರಕ್ಕೆಂದು ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಮಾರ್ಚ್‌ನಲ್ಲಿ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಈ ತಿಂಗಳುಗಳುದ್ದಕ್ಕೂ ಬೆಂಗಳೂರಿನವರು ದೆಹಲಿಯವರ ಕಡೆಗೆ, ದೆಹಲಿಯವರ ಬೆಂಬಲಿಗರು ಬೆಂಗಳೂರಿನವರ ಕಡೆಗೆ ಬೆರಳು ತೋರಿಸಿ ಆಡಿದ್ದು ಇದೇ ಮಾತು: ರೈತರ ಹೆಸರಿನಲ್ಲಿ ಅವರು ಸುರಿಸುತ್ತಿರುವುದು ಮೊಸಳೆ ಕಣ್ಣೀರು.

ಪ್ರವಾಹ ಬಂದರೂ ಅದೇ ಮಾತು. ಚುನಾವಣೆ ಬಂದರಂತೂ ಕೇಳುವುದೇ ಬೇಡ. ವೇದಿಕೆಯ ಮೇಲೆ ಒಬ್ಬ ನಾಯಕ ಗದ್ಗದಿತರಾದರೆ ಮರುದಿನದ ಪತ್ರಿಕೆಯಲ್ಲಿ ಎದುರಾಳಿಯ ಉತ್ತರ ಹೇಗಿರುತ್ತದೆ ಎಂದು ಓದುಗ ಪುಟ ತೆರೆಯದೆಯೇ ಹೇಳಬಲ್ಲ.

ಈ ಆರೋಪ ಎಲ್ಲರಿಗೂ ಇಷ್ಟವಾಗುವುದಕ್ಕೆ ಕಾರಣವಿದೆ. ಇದಕ್ಕೆ ದಾಖಲೆ ಬೇಕಿಲ್ಲ, ಲೆಕ್ಕ ಬೇಕಿಲ್ಲ, ಸಾಕ್ಷಿಯೂ ಬೇಕಿಲ್ಲ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ಹೇಳಿಬಿಟ್ಟರೆ ಸಾಕು. ಅವರು ಅದನ್ನು ಅಲ್ಲಗಳೆಯಲಾರರು, ಇವರು ಸಾಬೀತು ಮಾಡಲಾರರು. ವಾದ ಅಲ್ಲಿಗೆ ನಿಲ್ಲುತ್ತದೆ. ಕಾಲುವೆಯ ಕೊನೆಯಲ್ಲಿ ನಿಂತ ರೈತನ ನೀರಿನ ಪ್ರಶ್ನೆಯೂ ಅಲ್ಲಿಗೇ ನಿಲ್ಲುತ್ತದೆ.

ಅಷ್ಟು ಸಲೀಸಾಗಿ ಬಳಕೆಯಾಗುವ ಈ ಮಾತು ಬಂದದ್ದೆಲ್ಲಿಂದ? ಇಂಗ್ಲಿಷಿನ ‘ಕ್ರೊಕೊಡೈಲ್ ಟಿಯರ್ಸ್’ ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಕಾಯಂ ಆಗಿ ಇರುವ ನುಡಿಗಟ್ಟು. ಆದರೆ ಅದು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ಆ ದೇಶದ ಹೊಳೆಗಳಲ್ಲಿ ಮೊಸಳೆಯೇ ಇಲ್ಲ. ಇದರ ಬೇರು ಹುಡುಕಿದರೆ ಕ್ರಿ.ಶ. 400ರ ಸುಮಾರಿನಲ್ಲಿ ಇಂದಿನ ಟರ್ಕಿಯ ಅಮಾಸಿಯಾದಲ್ಲಿ ಬಿಷಪ್ ಆಗಿದ್ದ ಅಸ್ಟೀರಿಯಸ್‌ನ ಬೋಧನೆಯವರೆಗೆ ಹೋಗಬಹುದು. ಉಪವಾಸದ ದಿನಗಳಲ್ಲಿ ತೋರಿಕೆಗೆ ಅಳುವವರನ್ನು ಆತ ನೈಲ್ ನದಿಯ ಮೊಸಳೆಗೆ ಹೋಲಿಸಿದ್ದ. ಆ ಮೊಸಳೆ ಮನುಷ್ಯನನ್ನು ತಿಂದು ಮುಗಿಸಿ, ಉಳಿದ ತಲೆಯ ಮುಂದೆ ಕೂತು ಅಳುತ್ತದಂತೆ. ಪಶ್ಚಾತ್ತಾಪದಿಂದಲ್ಲ, ತಲೆಯಲ್ಲಿ ತಿನ್ನುವಷ್ಟು ಮಾಂಸ ಇಲ್ಲವಲ್ಲ ಎಂಬ ಸಂಕಟದಿಂದ. ಒಂಬತ್ತನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಧರ್ಮಗುರು ಫೋಟಿಯಸ್ ತಾನು ಓದಿದ ಗ್ರಂಥಗಳ ಸಾರ ಬರೆದಿಡುವಾಗ ಇದನ್ನೂ ದಾಖಲಿಸಿದ. ಹಾಗಾಗಿ ಕಥೆ ಉಳಿಯಿತು.

ಇದನ್ನು ಯುರೋಪಿನ ಮನೆಮನೆಗೆ ಮುಟ್ಟಿಸಿದ್ದು 14ನೇ ಶತಮಾನದ ಮ್ಯಾಂಡೆವಿಲ್ ಪ್ರವಾಸ ಕಥನ. ಸರ್ ಜಾನ್ ಮ್ಯಾಂಡೆವಿಲ್ ಎಂಬ ಹೆಸರಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂದ ಈ ಪುಸ್ತಕ ಆ ಕಾಲಕ್ಕೆ ಅತಿ ಹೆಚ್ಚು ಜನ ಓದಿದ ಪ್ರವಾಸ ಗ್ರಂಥಗಳಲ್ಲಿ ಒಂದು. ಬರೆದವನು ನಿಜಕ್ಕೂ ಯಾರು, ಎಲ್ಲಿಯವರೆಗೆ ಹೋಗಿದ್ದ ಎಂಬುದರ ಬಗ್ಗೆ ವಿದ್ವಾಂಸರಿಗೆ ಇಂದಿಗೂ ಅನುಮಾನವಿದೆ. ನಮ್ಮ ಓದುಗರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದು ಇದರಲ್ಲಿದೆ. ಮ್ಯಾಂಡೆವಿಲ್ ಅಳುವ ಮೊಸಳೆಗಳನ್ನು ಇಟ್ಟಿದ್ದು ನೈಲ್ ನದಿಯಲ್ಲಲ್ಲ, ಇಂಡಿಯಾದಲ್ಲಿ! ಇಂಡಿಯಾ ದೇಶದ ಉದ್ದಗಲಕ್ಕೂ ಮೊಸಳೆಗಳು ತುಂಬಿವೆ, ಅವು ಮನುಷ್ಯರನ್ನು ಕೊಂದು ಅಳುತ್ತಾ ತಿನ್ನುತ್ತವೆ, ತಿನ್ನುವಾಗ ಕೆಳದವಡೆ ಬಿಟ್ಟು ಮೇಲ್ದವಡೆ ಆಡಿಸುತ್ತವೆ, ಅವುಗಳಿಗೆ ನಾಲಿಗೆಯೇ ಇಲ್ಲ ಎಂದು ಆತ ಬರೆದ. ಮೊಸಳೆಗೆ ನಾಲಿಗೆ ಇದೆ. ಬಾಯಿಯ ತಳಕ್ಕೆ ಅಂಟಿಕೊಂಡಿರುವುದರಿಂದ ಹೊರಗೆ ಚಾಚಲು ಬರುವುದಿಲ್ಲ, ಅಷ್ಟೆ. ದವಡೆಯ ಮಾತೂ ಸುಳ್ಳು. ಆ ಎರಡನ್ನೂ ಜಗತ್ತು ಮರೆತಿತು. ಅಳುವ ಸುಳ್ಳು ಮಾತ್ರ ಉಳಿದುಕೊಂಡಿತು.

ಇನ್ನೊಂದು ಕಥೆ ಇನ್ನೂ ಖಾರ. 1564–65ರಲ್ಲಿ ಇಂಗ್ಲೆಂಡಿನ ಜಾನ್ ಹಾಕಿನ್ಸ್ ಹಡಗು ಕಟ್ಟಿಕೊಂಡು ಅಟ್ಲಾಂಟಿಕ್ ದಾಟಿದ. ಜೊತೆಗಿದ್ದ ಜಾನ್ ಸ್ಪಾರ್ಕ್ ಆ ಪ್ರಯಾಣದ ವೃತ್ತಾಂತ ಬರೆದ. ದಕ್ಷಿಣ ಅಮೆರಿಕದ ಕರಾವಳಿಯ ನದಿಯಲ್ಲಿ ಕಂಡ ಮೊಸಳೆಗಳ ಬಗ್ಗೆ ಬರೆಯುತ್ತಾ, ಬೇಟೆ ಬೇಕಾದಾಗ ಇವು ಮನುಷ್ಯರಂತೆ ಬಿಕ್ಕಿಬಿಕ್ಕಿ ಅತ್ತು ಹತ್ತಿರ ಕರೆದು ಗಬಕ್ಕನೆ ಹಿಡಿಯುತ್ತವೆ ಎಂದ. ಇಲ್ಲಿ ಕಥೆ ತಿರುಗಿಬಿಟ್ಟಿದೆ. ಹಳೆಯ ಮೊಸಳೆ ತಿಂದ ಮೇಲೆ ಅಳುತ್ತಿತ್ತು, ಸ್ಪಾರ್ಕ್‌ನ ಮೊಸಳೆ ತಿನ್ನುವ ಮೊದಲೇ ಅಳುತ್ತದೆ. ಹಾಕಿನ್ಸ್‌ನ ಹಡಗಿನಲ್ಲಿ ಇದ್ದ ಸರಕೇನು? ಪಶ್ಚಿಮ ಆಫ್ರಿಕಾದಲ್ಲಿ ಸೆರೆಹಿಡಿದು ತಂದ ಮನುಷ್ಯರು. ಅವರನ್ನು ಅದೇ ಕರಾವಳಿಯ ಸ್ಪೇನ್ ವಸಾಹತುಗಳಲ್ಲಿ ಮಾರಲಾಯಿತು. ಮನುಷ್ಯರನ್ನು ಮಾರುತ್ತಾ ಹೊರಟವರು ದಡದ ಮೇಲೆ ಬಿಸಿಲು ಕಾಯಿಸುತ್ತಿದ್ದ ಪ್ರಾಣಿಯನ್ನು ಕಪಟಿ ಎಂದರು.

ಆಮೇಲೆ ಶೇಕ್ಸ್‌ಪಿಯರ್ ಬಂದ. ಆರನೇ ಹೆನ್ರಿ ನಾಟಕದ ಎರಡನೇ ಭಾಗದಲ್ಲಿ, ‘ಒಥೆಲ್ಲೋ’ದಲ್ಲಿ ಅಳುವ ಮೊಸಳೆ ಕಾಣಿಸಿಕೊಂಡಿತು. ಒಥೆಲ್ಲೋ ತನ್ನ ಹೆಂಡತಿ ಡೆಸ್ಡಿಮೋನಾಳ ಕಣ್ಣೀರು ಮೊಸಳೆಯ ಕಣ್ಣೀರೆಂದು ಹಳಿಯುತ್ತಾನೆ. ನಾಟಕ ನೋಡಿದ ಎಲ್ಲರಿಗೂ ಗೊತ್ತು, ಆಕೆ ನಿರಪರಾಧಿ, ಆಕೆಯ ಕಣ್ಣೀರು ನಿಜ. ಅಂದರೆ ಈ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಒಬ್ಬನಾದ ನಾಟಕಕಾರನೇ ಅದನ್ನು ತಪ್ಪು ವ್ಯಕ್ತಿಯ ಮೇಲೆ ಬಳಸಿದರೆ ಏನು ಅನಾಹುತವಾಗುತ್ತದೆ ಎಂದೂ ತೋರಿಸಿದ್ದ. ಮಾತು ಎಲ್ಲರಿಗೂ ಬಂತು, ಆ ಎಚ್ಚರ ಬರಲಿಲ್ಲ.

ಭಾರತದ ಹಳೆಯ ಕಥೆಗಳಲ್ಲೂ ಮೊಸಳೆಗೆ ಬರವಿಲ್ಲ. ಗಜೇಂದ್ರನ ಕಾಲು ಹಿಡಿದದ್ದು ಮೊಸಳೆ. ಕಾಲಡಿಯ ಹೊಳೆಯಲ್ಲಿ ಬಾಲ ಶಂಕರರ ಕಾಲು ಹಿಡಿದು, ತಾಯಿಯಿಂದ ಸನ್ಯಾಸಕ್ಕೆ ಒಪ್ಪಿಗೆ ಕೊಡಿಸಿದ್ದೂ ಮೊಸಳೆಯೇ ಎನ್ನುತ್ತದೆ ಐತಿಹ್ಯ. ಪಂಚತಂತ್ರದಲ್ಲಿ ನೇರಳೆ ಮರದ ಕೋತಿಯ ಗುಂಡಿಗೆ ಕೇಳಿದ ಮೊಸಳೆ ಕೊನೆಗೆ ತಾನೇ ಮೋಸಹೋಗುತ್ತದೆ. ಈ ಮೊಸಳೆಗಳ ಹೆಸರು ಹಿಡಿತಕ್ಕೆ, ಬಲಕ್ಕೆ, ಪೆದ್ದುತನಕ್ಕೆ. ‘ನೀರಲ್ಲಿ ಮೊಸಳೆಗೆ ಬಲ’ ಎಂಬ ಅರ್ಥದ ಮಾತು ಹುಟ್ಟಿದ್ದೂ ಹಾಗೆಯೇ. ಕಣ್ಣೀರಿನ ಕಪಟ ಅದರ ತಲೆಗೆ ಕಟ್ಟಿದ್ದು ಪಶ್ಚಿಮದ ಕಥೆಗಾರರು.

ಹಾಗಾದರೆ ಮೊಸಳೆ ಅಳುತ್ತದೆಯೋ ಇಲ್ಲವೋ? 2007ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಕೆಂಟ್ ವ್ಲೀಟ್ ಮತ್ತು ನರರೋಗ ತಜ್ಞ ಮಾಲ್ಕಮ್ ಶೇನರ್ ಇದನ್ನು ಪರೀಕ್ಷೆ ಮಾಡಿ ನೋಡಿದರು. ನೀರಿನಲ್ಲಿ ತಿನ್ನುವ ಪ್ರಾಣಿಯ ಕಣ್ಣು ಒದ್ದೆಯಾಯಿತೇ ಎಂದು ತಿಳಿಯುವುದು ಕಷ್ಟ. ಆದ್ದರಿಂದ ಸೇಂಟ್ ಅಗಸ್ಟೀನ್ ಊರಿನ ಮೃಗಾಲಯದಲ್ಲಿ ದಡದ ಮೇಲೆ ತಿನ್ನಲು ಪಳಗಿಸಿದ್ದ, ಮೊಸಳೆಯ ದಾಯಾದಿಗಳಾದ ಆಲಿಗೇಟರ್ ಮತ್ತು ಕೇಮನ್‌ಗಳನ್ನು ಆರಿಸಿಕೊಂಡು, ಆಹಾರ ಹಾಕಿ ಕ್ಯಾಮೆರಾ ಇಟ್ಟರು. ಏಳು ಪ್ರಾಣಿಗಳಲ್ಲಿ ಐದರ ಕಣ್ಣಲ್ಲಿ ತಿನ್ನುವಾಗ ನೀರು ಬಂತು. ಕೆಲವುಗಳ ಕಣ್ಣಂಚಿನಲ್ಲಿ ನೊರೆ, ಗುಳ್ಳೆಯೂ ಕಂಡವು. ಈ ಪ್ರಾಣಿಗಳು ತಿನ್ನುವಾಗ ಬುಸುಗುಡುತ್ತವೆ. ಆ ಗಾಳಿ ಮೂಗಿನ ಒಳಗಣ ಕುಹರಗಳ ಮೂಲಕ ನುಗ್ಗಿ ಕಣ್ಣೀರನ್ನು ಹೊರಗೆ ತಳ್ಳುತ್ತಿರಬಹುದು ಎಂಬುದು ವ್ಲೀಟ್ ಅವರ ಊಹೆ. ಉಳಿದ ಹೊತ್ತಿನಲ್ಲೂ ಮೊಸಳೆಗೆ ಕಣ್ಣೀರು ಬೇಕೇ ಬೇಕು. ನೀರು ಬಿಟ್ಟು ದಡದ ಬಿಸಿಲಲ್ಲಿ ತಾಸುಗಟ್ಟಲೆ ಬಿದ್ದುಕೊಂಡಾಗ ಕಣ್ಣು ಒಣಗದಂತೆ ಕಾಯುವುದು ಅದೇ. ಉಪ್ಪುನೀರಿನ ಮೊಸಳೆ ಮೈಯ ಉಪ್ಪನ್ನು ಕಣ್ಣಿನಿಂದ ಹೊರಹಾಕುತ್ತದೆ ಎಂಬ ನಂಬಿಕೆಯೂ ಉಂಟು. ಅದೂ ನಿಜವಲ್ಲ; ಆ ಕೆಲಸ ಮಾಡುವ ಗ್ರಂಥಿಗಳು ನಾಲಿಗೆಯ ಮೇಲಿವೆ.

ನರರೋಗ ತಜ್ಞರಿಗೆ ಮೊಸಳೆಯ ಉಸಾಬರಿ ಯಾಕೆ ಬೇಕಿತ್ತು ಎಂದರೆ, ‘ಮೊಸಳೆ ಕಣ್ಣೀರು’ ಎಂಬ ಹೆಸರಿನ ಕಾಯಿಲೆಯೇ ಇದೆ. ರಷ್ಯಾದ ವೈದ್ಯ ಬೊಗೊರಾಡ್ 1920ರ ದಶಕದಲ್ಲಿ ಅದನ್ನು ವಿವರಿಸಿದರು. ಮುಖದ ಪಾರ್ಶ್ವವಾಯು ಆಗಿ, ಬಾಯಿ ಸೊಟ್ಟಗಾಗಿ ಗುಣವಾಗುತ್ತಿರುವವರಲ್ಲಿ ಕೆಲವರಿಗೆ ನರ ಮತ್ತೆ ಬೆಳೆಯುವಾಗ ದಾರಿ ತಪ್ಪುತ್ತದೆ. ಬಾಯಿಯಲ್ಲಿ ಜೊಲ್ಲು ತರಿಸಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿಕೊಳ್ಳುತ್ತದೆ. ತಟ್ಟೆಯ ಮುಂದೆ ಕೂತು ತುತ್ತು ಬಾಯಿಗಿಟ್ಟರೆ ಒಂದೇ ಕಣ್ಣಿನಿಂದ ನೀರು ಸುರಿಯುತ್ತದೆ. ಆ ರೋಗಿಗೆ ದುಃಖವೂ ಇಲ್ಲ, ನಾಟಕವೂ ಇಲ್ಲ.

ಒಟ್ಟಿನಲ್ಲಿ ಮೊಸಳೆಯ ಕಣ್ಣೀರು ನೋಡಿ ಅದರ ಮನಸ್ಸು ತಿಳಿಯುವುದು ಆಗದ ಮಾತು. ನಾಯಕರ ಕಣ್ಣೀರಿನ ಪಾಡೂ ಬೇರೆಯಲ್ಲ. ಅತ್ತವರು ಕೆಲಸ ಮಾಡಿದ್ದುಂಟು, ಅಳದವರೂ ಮಾಡಿದ್ದುಂಟು. ಕಣ್ಣೀರಿನ ಖರೆ-ಖೋಟಾ ಪರೀಕ್ಷೆ ಮಾಡುತ್ತಾ ಕೂರುವುದು ಮತದಾರನ ಕೆಲಸವೇ ಅಲ್ಲ. ಈ ನುಡಿಗಟ್ಟು ಸಾರ್ವಜನಿಕ ಚರ್ಚೆಗೆ ಮಾಡಿರುವ ಕೇಡು ಇದೇ. ಅದು ಎಲ್ಲರ ದೃಷ್ಟಿಯನ್ನು ಮುಖದ ಮೇಲೆ ನಿಲ್ಲಿಸುತ್ತದೆ, ಕೈ ಏನು ಮಾಡಿತು ಎಂದು ನೋಡಲು ಬಿಡುವುದಿಲ್ಲ.

ಅದೇ ಬರದ ವರ್ಷ, 2023ರ ಅಕ್ಟೋಬರ್‌ನಲ್ಲಿ, ವಿಜಯಪುರ ಜಿಲ್ಲೆಯ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಈ ಚರ್ಚೆಯನ್ನು ತಮ್ಮದೇ ರೀತಿಯಲ್ಲಿ ನೆಲಕ್ಕಿಳಿಸಿದರು. ಕೊಲ್ಹಾರ ಮೊದಲು ಬಸವನಬಾಗೇವಾಡಿ ತಾಲ್ಲೂಕಿನಲ್ಲಿದ್ದ ಊರು. ಕೃಷ್ಣೆಯ ಹಿನ್ನೀರು ಹತ್ತಿರ. ಪಂಪ್‌ಸೆಟ್‌ಗೆ ತ್ರೀ ಫೇಸ್ ವಿದ್ಯುತ್ ಅಪರಾತ್ರಿಯಲ್ಲಿ ಬರುತ್ತಿತ್ತು. ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸಲು ಹೋದಾಗ ಕಂಡದ್ದು ಮೊಸಳೆ. ರೈತರು ಅದನ್ನು ಹಗ್ಗದಿಂದ ಬಿಗಿದು, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು, ನೇರವಾಗಿ ಹೆಸ್ಕಾಂ ವಿದ್ಯುತ್ ಉಪಕೇಂದ್ರಕ್ಕೆ ತಂದು ಇಳಿಸಿದರು. ಕತ್ತಲಲ್ಲಿ ಹಾವೋ ಮೊಸಳೆಯೋ ಕಚ್ಚಿ ಸತ್ತರೆ ಹೊಣೆ ಯಾರು ಎಂದು ಕೇಳಿದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದು ಆಲಮಟ್ಟಿ ಜಲಾಶಯಕ್ಕೆ ಬಿಟ್ಟರು.

ಮೊಸಳೆಯನ್ನು ಕಟ್ಟಿ ತರುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹೊಳೆಗಳ ಈ ಮೊಸಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲೇ ಇರುವ ಪ್ರಾಣಿ. ಚರ್ಮದ ಆಸೆಗೆ ಬೇಟೆಯಾಡಿ ಹೆಚ್ಚುಕಡಿಮೆ ಮುಗಿಸಿದ್ದ ಸಂತತಿಯನ್ನು 1975ರಲ್ಲಿ ಶುರುವಾದ ಮೊಸಳೆ ಸಂರಕ್ಷಣಾ ಯೋಜನೆ ಉಳಿಸಿತು. ಮನುಷ್ಯನ ಪ್ರಾಣಕ್ಕೂ ಅಪಾಯದ ಕೆಲಸ ಅದು. ಮೊಸಳೆ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ಹೇಳುವುದೇ ಸರಿ. ಆದರೂ ಆ ರೈತರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅವರು ಯಾರ ಮನಸ್ಸಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಕರೆಂಟು ಯಾವ ಹೊತ್ತಿಗೆ ಕೊಡುತ್ತೀರಿ ಎಂದು ಕೇಳಿದರು.

ಮೊಸಳೆ ಹೊಲಕ್ಕೆ ಬರುವುದರಲ್ಲೂ ಆಶ್ಚರ್ಯವಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಂತರೆ ಹಿನ್ನೀರು ಹೊಲದಂಚನ್ನು ಮುಟ್ಟುತ್ತದೆ. ಹೊಳೆ ದಂಡೆಯುದ್ದಕ್ಕೂ ಆಳೆತ್ತರದ ಕಬ್ಬು. ಹೆಣ್ಣು ಮೊಸಳೆ ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುವುದು ಬೇಸಿಗೆಯಲ್ಲಿ, ಮರಿಗಳು ಹೊರಬರುವುದು ಮಳೆಗಾಲದ ಹೊಸ್ತಿಲಲ್ಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಛಾವಣಿಯ ಮೇಲೆ ಮೊಸಳೆ ಹತ್ತಿ ಕೂತಿದ್ದ ದೃಶ್ಯವನ್ನು ಇಡೀ ದೇಶ ನೋಡಿತು. ನದಿ ಅದರ ಮನೆ. ನಡುರಾತ್ರಿ ಆ ಮನೆಯ ಅಂಗಳಕ್ಕೆ ರೈತನನ್ನು ಕಳಿಸುತ್ತಿರುವುದು ವಿದ್ಯುತ್ ವೇಳಾಪಟ್ಟಿ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವಾಟ್. ಅದಕ್ಕೆ ನೀರು ಆಲಮಟ್ಟಿಯದ್ದು. ಈ ಸ್ಥಾವರ ಬೇಡವೆಂದು 2014ರ ಜುಲೈನಲ್ಲಿ ರೈತರು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದ್ದರು. ಆಲಮಟ್ಟಿ ಅಣೆಕಟ್ಟೆಯ ಬುಡದಲ್ಲಿರುವ ಜಲವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಭೂಮಿ, ನೀರು, ಗಾಳಿ ಕೊಟ್ಟು ರಾಜ್ಯಕ್ಕೆಲ್ಲ ಬೆಳಕು ಕೊಡುವ ಜಿಲ್ಲೆಯಲ್ಲಿ ರೈತ ಬ್ಯಾಟರಿ ಹಿಡಿದು ಬೆಳಗಿನ ಜಾವ ಮೋಟಾರು ಚಾಲೂ ಮಾಡಲು ಹೋಗಬೇಕು. ಇದನ್ನು ವಿವರಿಸಲು ಯಾವ ಇಂಗ್ಲಿಷ್ ನುಡಿಗಟ್ಟೂ ಬೇಕಾಗಿಲ್ಲ.

ಇದೇ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾದ ಸುತ್ತಿನ ಹೊಲಗಳಿಗೆ ಕೃಷ್ಣೆಯ ಹಿನ್ನೀರಿನ ಮೊಸಳೆ ಬರುವುದಿಲ್ಲ. ಇದು ಎರೆಮಣ್ಣಿನ, ಬಿಳಿಜೋಳದ, ನಿಂಬೆಯ ಸೀಮೆ. ಇಂಡಿ ನಿಂಬೆಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ನಿಂಬೆ ಗಿಡ ನೆಟ್ಟ ವರ್ಷವೇ ಕಾಯಿ ಕೊಡುವುದಿಲ್ಲ. ವರ್ಷಗಟ್ಟಲೆ ಮಗುವಿನಂತೆ ಸಾಕಿದ ಗಿಡ ಒಂದು ಬೇಸಿಗೆ ನೀರು ತಪ್ಪಿದರೆ ಒಣಗಿ ನಿಲ್ಲುತ್ತದೆ. ಬೋರು ಬತ್ತಿದ ಬೇಸಿಗೆಗಳಲ್ಲಿ ಈ ತಾಲ್ಲೂಕಿನ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಗಿಡದ ಬುಡಕ್ಕೆ ಹನಿಸಿ ತೋಟ ಉಳಿಸಿಕೊಂಡಿದ್ದಾರೆ. ಬೋರಿನಲ್ಲಿ ನೀರಿದ್ದವರಿಗೆ ಇನ್ನೊಂದು ಚಿಂತೆ: ಕರೆಂಟು ಎಷ್ಟೊತ್ತಿಗೆ? ರಾತ್ರಿ ಪಾಳಿ ಬಂದ ವಾರ ಮನೆಯ ಗಂಡಸು ಹೊಲದಲ್ಲಿ, ಹೆಂಗಸು ಮನೆಯಲ್ಲಿ ಎಚ್ಚರ. ಎರೆಹೊಲದ ಬಿರುಕಿನಲ್ಲಿ, ಬದುವಿನ ಹುಲ್ಲಿನಲ್ಲಿ ಹಾವಿರುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಒಳ್ಳೆಯ ಹೆಜ್ಜೆ. ಆದರೆ ಆರೋಗ್ಯ ಇಲಾಖೆ ಹಾವು ಕಡಿತದ ಲೆಕ್ಕ ಇಡುವಾಗ ಇಂಧನ ಇಲಾಖೆ ರೈತನನ್ನು ಕತ್ತಲಲ್ಲಿ ಬದುವಿನ ಮೇಲೆ ನಡೆಸುತ್ತಿದ್ದರೆ, ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಕೆಡಿಸಿದಂತಾಯಿತು.

ರಾತ್ರಿಯೇ ಯಾಕೆ ಎಂಬುದಕ್ಕೆ ಹಿಂದೆ ಒಂದು ಕಾರಣವಿತ್ತು. ಬೆಳಿಗ್ಗೆ, ಸಂಜೆ ಪಟ್ಟಣದ ಮನೆಗಳು, ಹಗಲಿಡೀ ಕಾರ್ಖಾನೆಗಳು ವಿದ್ಯುತ್ ಎಳೆಯುತ್ತಿದ್ದವು. ಉಳಿದ ಹೊತ್ತಿಗೆ, ಅಂದರೆ ರಾತ್ರಿಗೆ, ಪಂಪ್‌ಸೆಟ್ಟಿನ ಭಾರವನ್ನು ತಳ್ಳಲಾಯಿತು. ಈಗ ಲೆಕ್ಕ ಬದಲಾಗಿದೆ. ಪಾವಗಡದ ಸೌರ ಪಾರ್ಕ್ ಒಂದರಲ್ಲೇ 2,050 ಮೆಗಾವಾಟ್ ಸಾಮರ್ಥ್ಯವಿದೆ. ಬಿಸಿಲಿದ್ದಾಗ ಹುಟ್ಟುವ ವಿದ್ಯುತ್ತನ್ನು ಬಿಸಿಲಿದ್ದಾಗಲೇ ಹೊಲಕ್ಕೆ ಕೊಡುವುದು ಎಲ್ಲರಿಗೂ ಲಾಭ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಒಂದು ಭಾಗವೇ ಪಂಪ್‌ಸೆಟ್ ಫೀಡರ್‌ಗಳನ್ನು ಸೌರ ವಿದ್ಯುತ್ತಿಗೆ ಜೋಡಿಸುವುದು. ಬಿಸಿಲಿಗೆ ಬರವಿಲ್ಲದ ವಿಜಯಪುರ ಜಿಲ್ಲೆಯಲ್ಲಿ ಇದು ಎಲ್ಲಕ್ಕಿಂತ ಮೊದಲು ಮುಗಿಯಬೇಕಾದ ಕೆಲಸ. ಇನ್ನು, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಪುಕ್ಕಟೆಯಲ್ಲವೇ, ಹೊತ್ತು ಯಾಕೆ ಕೇಳಬೇಕು ಎನ್ನುವವರಿದ್ದಾರೆ. ಪುಕ್ಕಟೆ ಎನ್ನುವುದು ರೈತನ ಬಿಲ್ಲಿಗೆ ಮಾತ್ರ. ಆ ಹಣವನ್ನು ಸರ್ಕಾರ ತೆರಿಗೆಯಿಂದ ವಿದ್ಯುತ್ ಕಂಪನಿಗಳಿಗೆ ಕಟ್ಟಿಕೊಡುತ್ತದೆ. ಹಣ ಸಂದಾಯವಾದ ಸೇವೆಗೆ ಸಮಯ ಕೇಳುವುದು ಭಿಕ್ಷೆಯಲ್ಲ.

ಕನ್ನಡಿಗರ ಬಾಯಲ್ಲಿ ಇಂಥ ಚರ್ಚೆಗೆ ಮೊಸಳೆ ಕಣ್ಣೀರಿಗಿಂತ ಹೆಚ್ಚು ಒಪ್ಪುವ ಇನ್ನೊಂದು ಮಾತು ಮೊದಲಿನಿಂದ ರೂಢಿಯಲ್ಲಿದೆ: ‘ಕಣ್ಣೊರೆಸುವ ತಂತ್ರ’. ಎರಡೂ ಕಣ್ಣೀರಿನ ಮಾತೇ ಆದರೂ ಕಣ್ಣು ಬೇರೆ. ಮೊಸಳೆ ಕಣ್ಣೀರು ಎಂದಾಗ ಚರ್ಚೆ ನಾಯಕನ ಕಣ್ಣಿನ ಮೇಲೆ. ಕಣ್ಣೊರೆಸುವ ತಂತ್ರ ಎಂದಾಗ ಚರ್ಚೆ ನೊಂದವರ ಕಣ್ಣಿನ ಮೇಲೆ: ಒರೆಸಿದಿರಾ, ಒರೆಸಿದಂತೆ ಮಾಡಿದಿರಾ, ಕೊಟ್ಟದ್ದೆಷ್ಟು? ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಅಂಕಿಗಳಲ್ಲಿ ಉತ್ತರವಿದೆ.

ಆ ಅಂಕಿಗಳನ್ನೇ ನೋಡಿ. ಬೆಳೆ ಹಾನಿಗೆ 2022–26ರ ಅವಧಿಗೆ ಗೊತ್ತುಮಾಡಿದ ಕೇಂದ್ರದ ವಿಪತ್ತು ಪರಿಹಾರ ನಿಧಿಯ ಮಾನದಂಡ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ನಿಂಬೆಯಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಜೋಳ, ತೊಗರಿ ಕಳೆದುಕೊಂಡವನ ಕೈಗೆ ಬರುವುದು 3,440 ರೂಪಾಯಿ, ನಿಂಬೆ ತೋಟ ಒಣಗಿದವನಿಗೆ ಸುಮಾರು 9,100. 2023ರ ಬರಕ್ಕೆ ರಾಜ್ಯ ಸರ್ಕಾರ ಮೊದಲ ಕಂತಾಗಿ ಕೊಟ್ಟಿದ್ದು ರೈತರೊಬ್ಬರಿಗೆ ಗರಿಷ್ಠ 2,000 ರೂಪಾಯಿ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ದಂಡೆಯ ಹೊಲಗಳು ನೀರುಪಾಲಾದಾಗ ರಾಜ್ಯ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು. ಈ ಮೊತ್ತಗಳು ಸಾಕೋ ಸಾಲವೋ, ಹೊತ್ತಿಗೆ ಮುಟ್ಟಿದವೋ ಇಲ್ಲವೋ ಎಂದು ಪಕ್ಷಭೇದವಿಲ್ಲದೆ ವಾದ ಮಾಡಬಹುದು. ಯಾರ ಕಣ್ಣೀರು ಖರೆ ಎಂಬ ವಾದದಲ್ಲಿ ಇವುಗಳಲ್ಲಿ ಒಂದು ಅಂಕಿಯೂ ಬಾಯಿಗೆ ಬರುವುದಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಯ ಕಥೆಯೂ ಇದೇ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದೂರ್ ಶಾಸ್ತ್ರಿ. ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಬಹುದೆಂದು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಹೇಳಿತು, 2013ರ ನವೆಂಬರ್‌ನಲ್ಲಿ ಮುಂದಿನ ವರದಿಯನ್ನೂ ಕೊಟ್ಟಿತು. ಗೆಜೆಟ್ ಅಧಿಸೂಚನೆ ಮಾತ್ರ ಮೊಕದ್ದಮೆಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಈ ಅವಧಿಯಲ್ಲಿ ವಿಧಾನಸೌಧದಲ್ಲಿ ಎಲ್ಲ ಮುಖ್ಯ ಪಕ್ಷಗಳೂ ಒಂದಲ್ಲ ಒಂದು ಸಲ ಅಧಿಕಾರದಲ್ಲಿ ಕೂತವು. ಆಡಳಿತದಲ್ಲಿದ್ದಾಗ ಒಂದು ಮಾತು, ವಿರೋಧ ಪಕ್ಷದಲ್ಲಿದ್ದಾಗ ಇನ್ನೊಂದು. ಇಂಡಿ, ಸಿಂದಗಿ ಕಡೆಯ ಕಾಲುವೆಗಳ ಕೊನೆಯಂಚಿನ ರೈತರು ಮಾತ್ರ ಯಾವ ಸರ್ಕಾರ ಬಂದರೂ ‘ನೀರು ಬಿಡಿಸಿ’ ಎಂಬ ಅದೇ ಅರ್ಜಿ ಹಿಡಿದು ನಿಂತಿದ್ದಾರೆ.

ನಾಯಕರು ಬಂದು ಕಷ್ಟ ಕೇಳುವುದೇ ತಪ್ಪೆಂದು ಇದರ ಅರ್ಥವಲ್ಲ. ಹೊಳೆ ನುಗ್ಗಿ ಜೋಳದ ಚೀಲ ನೆನೆದು ಮೊಳಕೆ ಬಂದ ಮನೆಯ ಹೊಸ್ತಿಲಲ್ಲಿ ಸಚಿವರೊಬ್ಬರು ಬಂದು ನಿಂತರೆ ಆ ಮನೆಯವರಿಗೆ ಧೈರ್ಯ ಬರುತ್ತದೆ. ಸಾಹೇಬರ ಕಾರಿನ ಹಿಂದೆ ತಹಶೀಲ್ದಾರರು, ಎಂಜಿನಿಯರರು ಬರುತ್ತಾರೆ, ಸುಟ್ಟ ಟ್ರಾನ್ಸ್‌ಫಾರ್ಮರ್ ಅಂದೇ ಬದಲಾಗುತ್ತದೆ, ತಿಂಗಳಿನಿಂದ ಕೂತ ಫೈಲು ಏಳುತ್ತದೆ. ಹಳ್ಳಿಯ ಜನ ಇದನ್ನು ಚೆನ್ನಾಗಿ ಬಲ್ಲರು. ಕಣ್ಣೀರು ಬಂದರೆ ಬರಲಿ, ಅದನ್ನು ಆಡಿಕೊಳ್ಳುವುದೂ ಬೇಡ, ಅದಕ್ಕೆ ಕರಗಿ ಅರ್ಜಿ ಮರೆಯುವುದೂ ಬೇಡ. ಪತ್ರಿಕೆಗಳೂ ಒಂದು ನೇಮ ಮಾಡಿಕೊಳ್ಳಬಹುದು. ‘ಮೊಸಳೆ ಕಣ್ಣೀರು’ ಎಂದು ಒಬ್ಬರು ಆರೋಪಿಸಿದ ಸುದ್ದಿಯ ಕೆಳಗೆ, ಆರೋಪ ಮಾಡಿದವರು ಅಧಿಕಾರದಲ್ಲಿದ್ದಾಗ ಕೊಟ್ಟದ್ದೆಷ್ಟು, ಆರೋಪಕ್ಕೆ ಗುರಿಯಾದವರು ಈಗ ಕೊಡುತ್ತಿರುವುದೆಷ್ಟು ಎಂಬ ಎರಡು ಸಾಲು ಹಾಕಿದರೆ ಅರ್ಧ ಗದ್ದಲ ತಾನಾಗಿಯೇ ಅಡಗುತ್ತದೆ.

ಉಳಿದದ್ದು ಊರಿನವರ ಕೈಯಲ್ಲಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಯಾವ ಫೀಡರ್‌ಗೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ತ್ರೀ ಫೇಸ್ ಹರಿಯಿತು ಎಂಬುದು ಪ್ರತಿ ಉಪಕೇಂದ್ರದ ಲಾಗ್ ಪುಸ್ತಕದಲ್ಲಿ ಬರೆದಿರುತ್ತದೆ. ಬಾಯಿಮಾತಿಗೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡುವುದು ಅಧಿಕಾರಿಯ ಹೊಣೆ. ತಾಂಬಾದಲ್ಲಾಗಲಿ, ಮುದ್ದೇಬಿಹಾಳದ ಹಳ್ಳಿಯಲ್ಲಾಗಲಿ, ಮುಂದಿನ ಗ್ರಾಮಸಭೆಗೆ ಹೋಗುವವರು ಮೂರು ತಿಂಗಳ ಆ ಲೆಕ್ಕದ ಪ್ರತಿ ತೆಗೆದುಕೊಂಡು ಹೋಗಲಿ. ‘ಸಾಹೇಬ್ರ, ನಮ್ಮ ಫೀಡರಿಗೆ ಹಗಲೊತ್ತಿನ್ಯಾಗ ಕರೆಂಟ್ ಯಾವ ತಾರೀಖಿನಿಂದ ಕೊಡ್ತೀರಿ?’ ಎಂದು ಕೇಳಲಿ. ಹೇಳಿದ ತಾರೀಖನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಮಾಡಲಿ.